ಹದಿನಾರು ಸುತ್ತಿಗೆ ನಲವತ್ಮೂರು

ಗಂಗಾವತಿ ಕಡೆಯ ಗದ್ದೆ ಸಾಲಿನಲ್ಲಿ ದುಡಿದ ಹಳೇ ಜೀಪೊಂದನ್ನು ಕೊಂಡು ಸಂಡೂರಿಗೆ ತಂದಿದ್ದೆ. ಗುಡ್ಡದ ಕೆಂಪು ಮಣ್ಣಿನಲ್ಲಿ ಫೋರ್‌ವೀಲ್ ಹಾಕಿ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಟ್ಟರೆ ಹುಲಿ. ಆದರೆ ಒಂದಿನ ಮರೆತು ಹಾಗೇ ಟಾರು ರಸ್ತೆಗೆ ಇಳಿಸಿದೆ. ನೂರಿನ್ನೂರು ಮೀಟರಿಗೇ ಗಾಡಿ ಬಿಗಿಯಿತು. ಫೋರ್‌ವೀಲ್ ಲಿವರ್ ಹಿಂದಕ್ಕೆ ಬರಲೇ ಇಲ್ಲ. ರಿವರ್ಸ್ ತಗೊಂಡ ಮೇಲೆ ಕಳಚಿತು.

ಫೋರ್‌ವೀಲ್ ಹಾಕಿದ ಇಂಥ ಗಾಡಿ ಟಾರಿನ ಮೇಲೆ ತಿರುವಿನಲ್ಲಿ ಬಿಗಿಯುವುದು ಮಾಮೂಲು. ನೇರ ರಸ್ತೆಯಲ್ಲಿ ಇಷ್ಟು ಬೇಗ ಬಿಗಿದರೆ ಮುಂದಿನ, ಹಿಂದಿನ ಹೌಸಿಂಗುಗಳ (ಎರಡು ಚಕ್ರಗಳ ನಡುವಿನ ಹಲ್ಲುಗಾಲಿಗಳ ಗೂಡು) ರೇಶಿಯೋ ಬೇರೆ ಇರಬಹುದು ಅಂತ ಅನುಮಾನ ಬಂತು. ರೇಶಿಯೋ ಅಂದರೆ ಚಕ್ರಗಳು ಒಂದು ಸುತ್ತು ಬರಲು ಬಲ ತರುವ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ. ಹೌಸಿಂಗ್ ಕವರಿನ ಬೋಲ್ಟಿಗೆ ಒಂದು ತಗಡಿನ ಚೀಟಿ ಇರಬೇಕು, ಅದರಲ್ಲಿ ಹಲ್ಲಿನ ಲೆಕ್ಕ ಇರುತ್ತೆ. ನನ್ನದರಲ್ಲಿ ಯಾವತ್ತೋ ಬಿದ್ದುಹೋಗಿತ್ತು.

ಸರಿ, ಕೈಯಲ್ಲೇ ಎಣಿಸೋಣ ಅಂತ ಕೂತೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರ ಎತ್ತಿ, ಜಾಕ್ ನಂಬದೆ ಸ್ಟ್ಯಾಂಡ್ ಇಟ್ಟೆ. ಗೇರು ನ್ಯೂಟ್ರಲ್. ಹ್ಯಾಂಡ್‌ಬ್ರೇಕ್ ಬಿಡಲೇಬೇಕು. ಈ ಜೀಪಿನಲ್ಲಿ ಅದು ಹಿಡಿಯುವುದು ಚಕ್ರವನ್ನಲ್ಲ, ಹೌಸಿಂಗಿಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟನ್ನೇ. ಟಯರಿಗೂ ಶಾಫ್ಟಿಗೂ ಸುಣ್ಣದ ಗೆರೆ ಎಳೆದೆ. ನನ್ನ ತಮ್ಮ ಚಕ್ರವನ್ನು ಒಂದು ಸುತ್ತು ತಿರುಗಿಸಿದ, ಶಾಫ್ಟ್ ಎರಡೂ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ತಿರುಗಿತು. 2.7 ರೇಶಿಯೋ ಜೀಪಿನಲ್ಲಿ ಎಲ್ಲಿಂದ ಬಂತು?

ಗ್ಯಾರೇಜಿನ ಚಾಚಾ ನಕ್ಕರು. "ಹಂಗಲ್ಲ ತಮ್ಮಾ, ಇನ್ನೊಂದು ಗಾಲಿ ನೆಲಕ್ಕ ಕುಂತೈತಲ್ಲ. ಡಬಲ್ ಮಾಡು." ಒಂದು ಚಕ್ರ ನಿಂತಿದ್ದು ಇನ್ನೊಂದು ತಿರುಗಿದರೆ, ಎರಡು ಚಕ್ರಗಳಿಗೂ ಬಲ ಹಂಚುವ ಡಿಫರೆನ್ಶಿಯಲ್ ಒಳಗಿನ ಕ್ರೌನ್ (ದೊಡ್ಡ ಹಲ್ಲುಗಾಲಿ) ಅರ್ಧ ಸುತ್ತು ಮಾತ್ರ ಹೋಗುತ್ತೆ. ಅದಕ್ಕೇ ಚಕ್ರ ಎರಡು ಸುತ್ತು ತಿರುಗಿಸಿದಾಗ ಶಾಫ್ಟ್ ಎಷ್ಟು ತಿರುಗುತ್ತೋ ಅದೇ ರೇಶಿಯೋ. (ಎರಡೂ ಚಕ್ರಗಳನ್ನು ಒಟ್ಟಿಗೇ ಕಟ್ಟುವ ಲಾಕರ್ ಇರುವ ಗಾಡಿಯಲ್ಲಿ ಎರಡೂ ಚಕ್ರ ಎತ್ತಬೇಕು, ಆಗ ಒಂದೇ ಸುತ್ತು ಸಾಕು.)

ಆದರೂ "ಐದೂವರೆಗೆ ಸ್ವಲ್ಪ ಕಮ್ಮಿ" ಅನ್ನುವುದು ಲೆಕ್ಕವಲ್ಲ. ವಿಲ್ಲೀಸ್ ವಂಶದ ಜೀಪುಗಳಲ್ಲಿ 5.38 ಅಂದರೆ ಕ್ರೌನಿಗೆ 43 ಹಲ್ಲು, ಅದನ್ನು ತಿರುಗಿಸುವ ಶಾಫ್ಟಿನ ತುದಿಯ ಸಣ್ಣ ಹಲ್ಲುಗಾಲಿ ಪಿನಿಯನ್ನಿಗೆ 8. ಯುದ್ಧಕಾಲದ ಮಿಲಿಟರಿ ಜೀಪಿನ 4.88 ಅಂದರೆ 39ಕ್ಕೆ 8. ಎರಡರಲ್ಲೂ ಪಿನಿಯನ್ 8 ಹಲ್ಲಿನದೇ ಅಲ್ವಾ? ಹಾಗಾದರೆ ಚಕ್ರವನ್ನು 16 ಸುತ್ತು ತಿರುಗಿಸಿದರೆ ಶಾಫ್ಟಿನ ಗೆರೆ ಪೂರ್ತಿ ಸುತ್ತಿಗೇ ಬಂದು ನಿಲ್ಲಬೇಕು. ತಿರುಗಿಸಿದೆವು. 43ಕ್ಕೆ ಸರಿಯಾಗಿ ಗೆರೆ ಕೂಡಿತು.

ಮುಂದಿನ ಹೌಸಿಂಗ್ ಎಣಿಸುವಾಗ ಅರ್ಧ ಗಂಟೆ ಸುಮ್ನೆ ಹಾಳಾಯಿತು. ಚಕ್ರ ತಿರುಗುತ್ತೆ, ಶಾಫ್ಟ್ ಅಲ್ಲಾಡಲ್ಲ. ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ ಹಬ್ ಫ್ರೀಯಲ್ಲಿತ್ತು. ಲಾಕ್ ಮಾಡಿ, ಟೂವೀಲ್‌ನಲ್ಲೇ ಇಟ್ಟು ಎಣಿಸಿದೆವು. 39. ಅಂದರೆ 4.88.

ಟಯರಿನ ಸುತ್ತಳತೆ ಟೇಪು ಹಿಡಿದು ನೋಡಿದರೆ 2.2 ಮೀಟರ್. ನೂರು ಮೀಟರ್ ಹೋಗಲು ಹಿಂದಿನ ಶಾಫ್ಟ್ ಸುಮಾರು 244 ಸುತ್ತು ಬೇಕು ಅನ್ನುತ್ತೆ, ಮುಂದಿನದು 222. ಫೋರ್‌ವೀಲ್‌ನಲ್ಲಿ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿರುತ್ತೆ. ಆ 22 ಸುತ್ತಿನ ಜಗಳ ಕೆಸರಿನಲ್ಲಿ ಟಯರ್ ಜಾರಿ ತೀರಿಹೋಗುತ್ತೆ, ಟಾರಿನ ಮೇಲೆ ಎಲ್ಲಿಗೂ ಹೋಗಲ್ಲ. ಗದ್ದೆಯಲ್ಲೇ ಓಡಿಸಿದ ಹಳೇ ಯಜಮಾನರಿಗೆ ಇದು ಗೊತ್ತಾಗದಿದ್ದರೂ ಆಶ್ಚರ್ಯವಿಲ್ಲ. ಯಾರೋ ಯಾವುದೋ ಗಾಡಿಯ ಹೌಸಿಂಗ್ ತಂದು ಕೂಡಿಸಿದ್ದಾರೆ.

ಮುಂದಿನದನ್ನೇ 5.38 ಮಾಡುವುದು ಅಂತ ತೀರ್ಮಾನಿಸಿದೆ. ನನಗೆ ಗುಡ್ಡಕ್ಕೆ ಎಳೆತ ಬೇಕು, ಸ್ಪೀಡಲ್ಲ. ಕ್ರೌನ್ ಪಿನಿಯನ್ ಜೋಡಿಯಾಗಿಯೇ ಸಿಗಬೇಕು, ಒಂದರದು ಇನ್ನೊಂದಕ್ಕೆ ಹಾಕಿದರೆ ಗುಂಯ್ ಅಂತ ಕೂಗುತ್ತೆ. ಬಳ್ಳಾರಿಯ ಗುಜರಿಯಲ್ಲಿ ಒಂದು ಜೋಡಿ ಸಿಕ್ಕಿತು. ದುಡ್ಡು ಕೊಡುವ ಮೊದಲು ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಲ್ಲಿಗೆ ಸುಣ್ಣ ಹಚ್ಚುತ್ತಾ ಎಣಿಸಿದೆ. ಮೂವತ್ತು ದಾಟಿದಾಗ ಅಂಗಡಿಯವನು "ಏನ್ ಕುಂಡಲಿ ಬರೀತೀರೇನ್ರೀ?" ಅಂದ. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ.