ಜಪ್ತಿಯಾದ ದಂತ ಕೋರ್ಟಿನಲ್ಲಿ ನಿಲ್ಲಬೇಕಾದರೆ

ಜಪ್ತಿಯಾಗಿ ಬಂದ ವನ್ಯಜೀವಿ ಮಾಲು ಯಾವ ಪ್ರಾಣಿಯದು ಎಂದು ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ಆರೋಪಿ ಸಿಕ್ಕಿಬಿದ್ದರೆ ಕೇಸು ಅರ್ಧ ಮುಗಿಯಿತು ಎಂದು ಜನ ತಿಳಿಯುತ್ತಾರೆ. ನಿಜವಾದ ಹೋರಾಟ ಇರುವುದು ಆಮೇಲೆ.

ದಂತವನ್ನೇ ತೆಗೆದುಕೊಳ್ಳಿ. ಆಫ್ರಿಕಾದ ಆನೆಯನ್ನೂ 1989ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಗೆ, ಸೇರಿಸಿದ ಮೇಲೆ ದೇಶ ದೇಶಗಳ ನಡುವಿನ ದಂತದ ವ್ಯಾಪಾರಕ್ಕೆ ಹೆಚ್ಚುಕಡಿಮೆ ಬಾಗಿಲು ಬಿತ್ತು. ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋದ, ಆನೆಯ ಸಂಬಂಧಿಯಾದ ಮ್ಯಾಮತ್ ಮಾತ್ರ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಸಿಕ್ಕವರು ಮೊದಲು ಹೇಳುವುದೇ, ‘ಇದು ಮ್ಯಾಮತ್ ದಂತ ಸಾರ್’ ಅಂತ.

ನಾನು ದಂತದ ಅಡ್ಡಕೊಯ್ತದ ಮುಖವನ್ನು ಒರೆಸಿ, ಭೂತಗನ್ನಡಿ ಹಿಡಿಯುತ್ತೇನೆ. ಒಂದಕ್ಕೊಂದು ಅಡ್ಡ ಹಾಯುವ ಬಾಗಿದ ಗೆರೆಗಳು ಕಾಣುತ್ತವೆ. ಇವು ಶ್ರೇಗರ್ ಗೆರೆಗಳು. ಹೊರ ಅಂಚಿನ ಹತ್ತಿರದ ಗೆರೆಗಳನ್ನಷ್ಟೇ ಅಳೆಯಬೇಕು. ಒಳಗಿನವು ಎರಡೂ ಪ್ರಾಣಿಗಳಲ್ಲಿ ಕಿರಿದಾದ ಕೋನದಲ್ಲೇ ಸೇರುತ್ತವೆ, ಅವನ್ನು ನಂಬಿದರೆ ದಾರಿ ತಪ್ಪುತ್ತೇವೆ. ಚಿತ್ರವನ್ನು ಸ್ಕ್ಯಾನ್ ಮಾಡಿ, ಹಲವು ಕೋನಗಳನ್ನು ಅಳೆದು ಸರಾಸರಿ ತೆಗೆಯುತ್ತೇನೆ. 115 ಡಿಗ್ರಿಗಿಂತ ಜಾಸ್ತಿ ಇದ್ದರೆ ಆನೆ, 90ಕ್ಕಿಂತ ಕಡಿಮೆ ಇದ್ದರೆ ಮ್ಯಾಮತ್. ನಡುವೆ ಬಂದರೆ ನಾನು ಏನನ್ನೂ ಹೇಳುವುದಿಲ್ಲ, ಡಿಎನ್‌ಎ ಪರೀಕ್ಷೆಗೆ ಕಳಿಸುತ್ತೇನೆ. ಅಡ್ಡಕೊಯ್ತವೇ ಕಾಣದ ಸಣ್ಣ ಮಣಿ, ಗುಂಡಿಗಳಿಗೂ ಅದೇ ದಾರಿ. ಇಲ್ಲಿ ಸುಮ್ನೆ ಧೈರ್ಯ ಮಾಡಿ ಬರೆದರೆ ಪಾಟೀಸವಾಲಿನಲ್ಲಿ ಇಡೀ ವರದಿಯೇ ಬಿದ್ದುಹೋಗುತ್ತದೆ.

ಆದರೆ ಪಾಟೀಸವಾಲಿನಲ್ಲಿ ಆನೆಯ ಬಗ್ಗೆ ಕೇಳುವುದು ಕಡಿಮೆ. ಸೀಲಿನ ಬಗ್ಗೆಯೇ ಕೇಳುತ್ತಾರೆ. ಜಪ್ತಿಯಾದ ತುಂಡು ಇದೇನಾ? ನಡುವೆ ಯಾರ ಕೈಯಲ್ಲಿತ್ತು? ಒಮ್ಮೆ ಒಂದು ಕಚೇರಿಯಿಂದ ಬಂದ ಪೊಟ್ಟಣದ ಸೀಲ್ ನಂಬರಿಗೂ ಮಹಜರಿನ ನಂಬರಿಗೂ ತಾಳೆಯೇ ಆಗಲಿಲ್ಲ. ಪೊಟ್ಟಣ ಬಿಚ್ಚದೆ ವಾಪಸ್ ಕಳಿಸಿದೆ. ಪ್ರಾಣಿ ಹೇಗೂ ಸತ್ತಿದೆ, ಇಷ್ಟಾದರೂ ನೆಟ್ಟಗೆ ಮಾಡಬೇಕು ಅಲ್ವಾ? ಅದಕ್ಕೇ ಜಪ್ತಿ ಮಾಡುವವರಿಗೆ ನಾನು ಹೇಳುವುದು: ಮುಟ್ಟುವ ಮೊದಲು ಮಾಲು ಇದ್ದಲ್ಲೇ ಫೋಟೋ ತೆಗೆಯಿರಿ, ಪ್ರತಿ ತುಂಡಿಗೂ ಬೇರೆ ನಂಬರ್, ತೂಕ, ಸೀಲ್ ಇರಲಿ. ಡಿಎನ್‌ಎ ಬೇಕಿದ್ದರೆ ತುಂಡಿಗೊಂದು ಹೊಸ ಗ್ಲೌಸ್ ಹಾಕಿಕೊಳ್ಳಿ.

ಚಿಪ್ಪುಹಂದಿಯ ಚಿಪ್ಪು ಮೂಟೆಗಟ್ಟಲೆ ಬರುತ್ತದೆ. ಅದರ ಎಂಟೂ ಪ್ರಭೇದಗಳು 2017ರಿಂದ ಮೊದಲ ಅನುಬಂಧದಲ್ಲಿವೆ. ಮೂಟೆಯ ಮೇಲಿನ ಒಂದು ಚಿಪ್ಪು ತೆಗೆದು ಕಳಿಸಿದರೆ ಸಾಲದು. ಪ್ರತಿ ಮೂಟೆಯ ಮೇಲೆ, ನಡುವೆ, ತಳದಿಂದ ಬೇರೆ ಬೇರೆ ಆಕಾರದ ಚಿಪ್ಪುಗಳನ್ನು ಆರಿಸಬೇಕು. ನಾಲ್ಕು ಪ್ರಭೇದ ಏಷ್ಯಾದವು, ನಾಲ್ಕು ಆಫ್ರಿಕಾದವು. ಯಾವುದು ಎಂದು ಗೊತ್ತಾದರೆ ಮೂಟೆ ಯಾವ ಖಂಡದಿಂದ ಹೊರಟಿತು ಎಂಬ ಸುಳಿವು ತನಿಖೆಯವರಿಗೆ ಸಿಗುತ್ತದೆ. ಬರೀ ಸಾಗಿಸಿದವನನ್ನು ಹಿಡಿದು ನಿಲ್ಲದೆ, ಅವನ ಹಿಂದಿರುವವರ ತನಕ ಹೋಗಲು ಅವರಿಗೆ ಒಂದು ದಾರಿ ತೆರೆಯುತ್ತದೆ.