ಹಳೇ ಜೀನ್ಸ್‌ನಿಂದ ಗೊಂಬೆಗೊಂದು ಸೋಫಾ

ಮಂಡಿ ಹರಿದ ಜೀನ್ಸ್ ಎಸೆಯೋ ಮುಂಚೆ ಒಂದು ಕಾಲು ಕತ್ತರಿಸಿಟ್ಟುಕೊಳ್ಳಿ, ಗೊಂಬೆಗೆ ಒಳ್ಳೇ ಸೋಫಾ ಆಗುತ್ತೆ. ಅಳತೆ ಮಾತ್ರ ಮೊದಲೇ ನೋಡ್ಕೊಳ್ಳಿ: 29 ಸೆಂ.ಮೀ. ಗೊಂಬೆಗೆ ಎಲ್ಲವೂ ನಿಜದ್ದರ ಆರನೇ ಒಂದು ಪಾಲು. ಹಾಗಾಗಿ ಕೂರೋ ಜಾಗ, ಬಾಟಲಿ ಮುಚ್ಚಳದ ಕಾಲುಗಳೂ ಸೇರಿ, 7 ಸೆಂ.ಮೀ. ಎತ್ತರ ಸಾಕು.

ಗಟ್ಟಿ ರಟ್ಟಿನ ಡಬ್ಬದ ಮೇಲೆ ಜೋಡಿ ಕಳೆದುಹೋದ ಕಾಲುಚೀಲ ಮಡಿಸಿಟ್ಟು, ಜೀನ್ಸ್ ಬಿಗಿಯಾಗಿ ಎಳೆದು ಸುತ್ತಿ. ದಾರ ಬಿಡೋ ಅಂಚನ್ನು 1 ಸೆಂ.ಮೀ. ಒಳಗೆ ಮಡಚಿ. ಅಂಟು ತಳಭಾಗಕ್ಕೆ ಮಾತ್ರ, ಅದೂ ರಟ್ಟಿಗೆ ತೆಳುವಾಗಿ ಸವರಿ. ಮೊದಲ ಸಲ ನಾನು ತೆಳು ಹತ್ತಿ ಬಟ್ಟೆಗೇ ಅಂಟು ಬಳಿದು, ಅದು ಹೊರಗೆ ಒಸರಿ, ಸೋಫಾ ತುಂಬ ಎಣ್ಣೆ ಚೆಲ್ಲಿದ ಹಾಗೆ ಕಲೆ! ಒರಗೋಕೆ ಇನ್ನೊಂದು ರಟ್ಟು ಇದೇ ಥರ.

ಮೂರು ವರ್ಷದೊಳಗಿನ ಮಕ್ಕಳಿದ್ದರೆ ಮುಚ್ಚಳ, ಗುಂಡಿ ಬೇಡ, ಬಾಯಿಗೆ ಹಾಕ್ಕೊಳ್ತಾರೆ.