ನೆನಪಿನಿಂದ ನಕ್ಷೆ ಬಿಡಿಸಿ ಹಳೇ ಶೂಟರ್‌ಗಳಿಗೆ ಬೆಲೆ ಕಟ್ಟಿದ್ದು: ನನ್ನ ಅನುಭವ

1993ರಲ್ಲಿ ಡೂಮ್ ಅನ್ನೋ ಗುಂಡು ಹಾರಿಸೋ ಕಂಪ್ಯೂಟರ್ ಗೇಮ್ ಬಂದಾಗ ನಾನು ಹತ್ತರ ಹುಡುಗ. ನಮ್ಮೂರಿಗೆ ಕಂಪ್ಯೂಟರ್ರೇ ಬಂದಿರಲಿಲ್ಲ. ನಾನು ಅದನ್ನು ಆಡಿದ್ದು ನಲವತ್ತು ತುಂಬಿದ ಮೇಲೆ, ಮುಂಬೈ ಪಕ್ಕದ ಡೊಂಬಿವಲಿಯ ಮನೆಯಲ್ಲಿ. ಚಿಕ್ಕಂದಿನಲ್ಲಿ ಆಡದವನಿಗೆ ಇಂಥ ಹಳೇ ಶೂಟರ್ ಗೇಮ್‌ಗಳ ಬೆಲೆ ಗೊತ್ತಾಗಲ್ಲ ಅಂತ ಆಫೀಸಿನವರು ಒಂದೇ ಮಾತಲ್ಲಿ ಮುಗಿಸಿದರು. ತಂಗಿಯ ಮಗನಂತೂ "ಮಾಮ, ಆಡೋದ್ಯಾಕೆ ಸುಮ್ನೆ, ಯೂಟ್ಯೂಬಲ್ಲಿ ನೋಡಿಬಿಡಿ" ಅಂದ. ಈಗ ಯಾವುದು ಆಡಲಿ ಅಂತ ಅವರೇ ನನ್ನನ್ನು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಹಳೇ ಗೇಮ್‌ಗೆ ಹಳೇ ಮಾನಿಟರ್ರೇ ಬೇಕು ಅನ್ನೋ ಮಾತು ತಲೆಗೆ ಹೊಕ್ಕಿತ್ತು. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಒಂದು ಒಳಗಲ್ಲಿಯಲ್ಲಿ 17 ಇಂಚಿನ ಸಿಆರ್‌ಟಿ, ಅಂದರೆ ಹಳೇ ಡಬ್ಬಿಯಂಥ ಮಾನಿಟರ್ ಸಿಕ್ಕಿತು, ಎರಡೂವರೆ ಸಾವಿರದ ಹತ್ತಿರ. ಟೆಸ್ಟಿಂಗ್ ವಾರಂಟಿ ಮಾತ್ರ, ಅಂದರೆ ಕೌಂಟರಿನಲ್ಲಿ ಹತ್ತಿದರೆ ನಿಮ್ಮದು, ಮನೆಯಲ್ಲಿ ಹತ್ತದಿದ್ದರೂ ನಿಮ್ಮದೇ. ಟ್ಯಾಕ್ಸಿಯಲ್ಲಿ ಸಿಎಸ್‌ಎಂಟಿ ಸ್ಟೇಷನ್ನಿಗೆ ತಂದು, ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಇಟ್ಟುಕೊಂಡು ಮನೆ ಮುಟ್ಟಿಸಿದೆ. ಚಿತ್ರವೇನೋ ಬಲು ಚಂದ. ಮಳೆಗಾಲ ಶುರುವಾಗಿ ಸ್ವಲ್ಪ ದಿನಕ್ಕೆ ಪರದೆ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ರಿಪೇರಿಗೆ ಇನ್ನೊಂದು ಸಾವಿರ ಕೊಟ್ಟೆ, ಆಮೇಲೆ ಪೂರಾ ಕಪ್ಪು. ಗುಜರಿಯವನು ನೂರೈವತ್ತು ಕೊಟ್ಟು ಒಯ್ದ.

ಎರಡನೇ ಸೋಲು ಪಟ್ಟಿಗಳದ್ದು. ಸಾರ್ವಕಾಲಿಕ ಶ್ರೇಷ್ಠ ನೂರು ಅಂತ ಇರುತ್ತಲ್ಲ, ಅದನ್ನು ಹಿಡಿದು ಸೇಲ್‌ನಲ್ಲಿ ಒಂದಷ್ಟು ಕೊಂಡೆ. ಎಲ್ಲಾ ಸೇರಿ ಮೂರು ಸಾವಿರದ ಆಸುಪಾಸು ಆಗಿರಬೇಕು. ಒಂದೊಂದನ್ನೂ ಅರ್ಧ ಗಂಟೆ ಆಡಿದೆ. ತಿಂಗಳಾದ ಮೇಲೆ ಯಾವುದು ಯಾವುದೋ ಒಂದೂ ನೆನಪಿಲ್ಲ, ಎಲ್ಲಾ ಒಂದೇ ಕಂದು ಬಣ್ಣದ ಕಾರಿಡಾರ್.

ಮೂರನೆಯದು ತಲೆಸುತ್ತು. ನಮ್ಮ ವಯಸ್ಸಿನವರು ಇದನ್ನು ಹೇಳಿಕೊಳ್ಳಲ್ಲ, ಆದರೆ ಜಾಸ್ತಿ ಜನ ಬಿಟ್ಟುಬಿಡೋದು ಇದರಿಂದಲೇ. ಇದಕ್ಕೆ ನಾನು ಮಾಡಿಕೊಂಡದ್ದು ಇಷ್ಟು. ನಡೆಯುವಾಗ ನೋಟ ಮೇಲೆ ಕೆಳಗೆ ಕುಣಿಯುತ್ತಲ್ಲ, ಆ ಬಾಬ್ ಪೂರ್ತಿ ಆಫ್. ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯಲ್ಲಿ ಕಾಣೋ ನೋಟದ ಅಗಲ, 90 ಡಿಗ್ರಿಗಿಂತ ಕಡಿಮೆ ಬೇಡ. ಮುಖಕ್ಕೆ ಟೇಬಲ್ ಫ್ಯಾನ್. ಒಂದು ಸಲ ಕೂತರೆ ಒಂದೇ ಲೆವೆಲ್, ಅಂದರೆ ಗೇಮಿನ ಒಂದೇ ಹಂತ. ಮೌಸಿನಲ್ಲೂ ಒಂದು ಕೈಚಳಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಯಾವ ಗೇಮ್ ನಿಜಕ್ಕೂ ಚೆನ್ನಾಗಿದೆ ಅಂತ ಅಳೆಯೋಕೆ ಕೊನೆಗೆ ಕೆಲಸಕ್ಕೆ ಬಂದ ದಾರಿ ಹೀಗಿದೆ. ಲೆವೆಲ್ ಒಂದು ಸಲ ಆಡು. ಒಂದು ವಾರ ಮುಟ್ಟಬೇಡ. ಆಮೇಲೆ ಗ್ರಾಫ್ ಶೀಟ್ ತಗೊಂಡು ನೆನಪಿನಿಂದ ನಕ್ಷೆ ಬಿಡಿಸು. ಬಿಡಿಸೋಕೆ ಬಂದರೆ ಆ ಲೆವೆಲ್ ಕಟ್ಟಿದವನಿಗೆ ಕೈ ಪಳಗಿದೆ ಅಂತ ಅರ್ಥ. ಗ್ರಾಫಿಕ್ಸ್ ಹಳತು, ಹೊಸತು ಅನ್ನೋ ವಾದವೇ ಇಲ್ಲಿ ಬರಲ್ಲ. ಬಾಲ್ಯದ ನೆನಪಿಲ್ಲದ ನನ್ನಂಥವನಿಗೆ ಇದು ಅನುಕೂಲ, ಯಾಕೆಂದರೆ ಹಾಳೆ ಮೇಲೆ ಬರೋದೆಲ್ಲಾ ಕಳೆದ ವಾರದ್ದೇ.

ವುಲ್ಫೆನ್‌ಸ್ಟೈನ್ 3ಡಿ (1992) ಸುಲಭ ಅಂದುಕೊಂಡಿದ್ದೆ. ಅದರ ನಕ್ಷೆಯೇ 64ಕ್ಕೆ 64ರ ಚೌಕ, ಗೋಡೆಗಳೆಲ್ಲಾ ಒಂದೇ ಎತ್ತರ, ಮೂಲೆಗಳೆಲ್ಲಾ ನೇರ. ಗ್ರಾಫ್ ಶೀಟಿಗೆಂದೇ ಹುಟ್ಟಿದ ಗೇಮ್ ಅಲ್ವಾ? ಮೂರು ಕೋಣೆ ಬಿಡಿಸೋಷ್ಟರಲ್ಲಿ ಪೆನ್ಸಿಲ್ ನಿಂತಿತು. ಎಲ್ಲಾ ಕಡೆ ಒಂದೇ ಥರ ಇದ್ದರೆ ನೆನಪು ಯಾವುದಕ್ಕೆ ಜೋತು ಬೀಳಬೇಕು?

ಡೂಮ್ ಬೇರೆಯೇ. ಇದನ್ನು ಚಾಕಲೇಟ್ ಡೂಮ್‌ನಲ್ಲಿ ಆಡಿದೆ, ಅದು ಮೂಲ ಗೇಮನ್ನು ಇದ್ದ ಹಾಗೇ ಓಡಿಸೋ ಪ್ರೋಗ್ರಾಂ. ಮೊದಲು ಹೊಸ ಸೌಲಭ್ಯ ಸೇರಿಸೋ ಜಿಝೆಡ್‌ಡೂಮ್‌ನಲ್ಲಿ ಮೌಸ್‌ಲುಕ್ (ಮೌಸಿನಿಂದ ಮೇಲೆ ಕೆಳಗೆ ನೋಡೋದು), ಗೋಡೆಗಳಿಗೆ ಹೊಳೆಯೋ ಟೆಕ್ಸ್ಚರ್ ಎಲ್ಲಾ ಹಾಕಿ ನೋಡಿದ್ದೆ. ಆಡೋಕೆ ಖುಷಿ, ಬೆಲೆ ಕಟ್ಟೋಕೆ ಬೇಡ. ಮೂಲದಲ್ಲಿ ಮೇಲೆ ಕೆಳಗೆ ಗುರಿ ಇಡೋ ಕೆಲಸ ನಮ್ಮದಲ್ಲ, ಗುಂಡು ತಾನೇ ಹುಡುಕಿಕೊಂಡು ಹೋಗುತ್ತೆ. ಅದನ್ನು ನೆಚ್ಚಿಕೊಂಡೇ ಮೆಟ್ಟಿಲು, ಕಟ್ಟೆಗಳನ್ನು ಇಟ್ಟಿದ್ದಾರೆ. ಇ1ಎಂ1, ಅಂದರೆ ಮೊದಲ ಎಪಿಸೋಡಿನ ಮೊದಲ ಲೆವೆಲ್, ಒಂದೇ ಸಲಕ್ಕೆ ಬಂತು. ಎಡಕ್ಕೆ ಮೆಟ್ಟಿಲ ಮೇಲೆ ಹಸಿರು ಕವಚ, ಬಲಕ್ಕೆ ಕಿಟಕಿಯಾಚೆ ಅಂಗಳದಲ್ಲಿ ನೀಲಿ ಕವಚ, ಮುಂದೆ ವಿಷದ ಕೊಳದ ಮೇಲೆ ಅಂಕುಡೊಂಕು ದಾರಿ. ಕಿಟಕಿಯಲ್ಲಿ ಕಾಣೋದನ್ನು ಹೇಗೆ ತಲುಪೋದು ಅಂತ ತಲೆ ಕೆಡಿಸಿಕೊಂಡಿದ್ದರಿಂದಲೇ ಆ ಅಂಗಳ ತಲೆಯಲ್ಲಿ ಕೂತಿದೆ. ಟ್ಯಾಬ್ ಒತ್ತಿ, ಗೇಮೇ ತೋರಿಸೋ ನಕ್ಷೆಯಾದ ಆಟೊಮ್ಯಾಪ್ ಪಕ್ಕ ನನ್ನ ಹಾಳೆ ಹಿಡಿದರೆ, ತಪ್ಪಿದ್ದು ಒಂದು ಬಾಗಿಲು ಮಾತ್ರ. ಆ ಹಾಳೆಯನ್ನು ಆಫೀಸಿಗೂ ಒಯ್ದು ತೋರಿಸಿದೆ ಅನ್ನಿ.

ಇನ್ನೊಂದು ಮಾತು. ಡೂಮ್, ಮುಂದೆ ಹೇಳೋ ಕ್ವೇಕ್, ಡ್ಯೂಕ್ ಮೂರರಲ್ಲೂ ಮೊದಲ ಎಪಿಸೋಡ್ ಶೇರ್‌ವೇರ್, ಪುಕ್ಕಟೆ. ಹಣ್ಣಿನ ಗಾಡಿಯವನು ಒಳ್ಳೇ ಮಾವನ್ನು ಮುಂದೆ ಜೋಡಿಸಿದ ಹಾಗೆ ಗೇಮ್ ಮಾಡಿದವರೂ ಒಳ್ಳೆಯದನ್ನು ಮೊದಲಿಗೇ ಇಟ್ಟಿದ್ದಾರೆ. ಹಾಗಾಗಿ ಕೊನೇ ಎಪಿಸೋಡಿನಿಂದ ಒಂದು ಲೆವೆಲ್ ತೆಗೆದು ಅಳೆಯಲೇಬೇಕು. ಡೂಮ್ ಮೊದಲ ಎಪಿಸೋಡ್ ಬಹುಪಾಲು ಅದನ್ನು ಮಾಡಿದ ತಂಡದ ಜಾನ್ ರೊಮೆರೊ ಕೈಯದ್ದು, ಮೂರನೆಯದರಲ್ಲಿ ಅದೇ ತಂಡದ ಸ್ಯಾಂಡಿ ಪೀಟರ್ಸನ್ ಕೈ ಜಾಸ್ತಿ. ನಾನು ಇ3ಎಂ2 ತೆಗೆದುಕೊಂಡೆ. ಆಡುವಾಗ ಬರೀ ಕಲ್ಲುಬಂಡೆ, ದಿಕ್ಕು ತಪ್ಪಿಸೋ ಜಾಗ. ವಾರ ಬಿಟ್ಟು ಬಿಡಿಸುತ್ತಾ ಹೋದೆ. ಒಂದು ಉದ್ದನೆಯ ಓಣಿ, ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಹಾಳೆಯನ್ನು ಸ್ವಲ್ಪ ತಿರುಗಿಸಿದರೆ ಬೆರಳು! ಇಡೀ ಲೆವೆಲ್ ಒಂದು ಅಂಗೈ. ಯೂಟ್ಯೂಬ್ ನೋಡಿದ್ದರೆ ಇದನ್ನು ಯಾರಾದರೂ ಮೊದಲೇ ಹೇಳಿಬಿಡುತ್ತಿದ್ದರು.

ಡ್ಯೂಕ್ ನ್ಯೂಕೆಮ್ 3ಡಿ (1996) ಮೊದಲ ಲೆವೆಲ್ ನೀರು ಕುಡಿದಷ್ಟು ಸಲೀಸು. ಮಹಡಿ, ಬೀದಿ, ಥಿಯೇಟರ್, ಟಾಯ್ಲೆಟ್. ಥಿಯೇಟರ್ ಹೇಗಿರುತ್ತೆ ಅಂತ ನಮಗೆ ಮೊದಲೇ ಗೊತ್ತಲ್ಲ, ಅದಕ್ಕೆ ಇದರಲ್ಲಿ ಅರ್ಧ ಅಂಕ ಕಳೆದೆ. ಜೋಕುಗಳಂತೂ ಹಳಸಿವೆ.

ಅದೇ ವರ್ಷದ ಕ್ವೇಕ್‌ಗೆ ಒಂದು ಹಾಳೆ ಸಾಲಲಿಲ್ಲ. ಡೂಮ್‌ನಲ್ಲಿ ಕೋಣೆಯ ಮೇಲೆ ಕೋಣೆ ಇಡೋಕೆ ಬರಲ್ಲ, ಕ್ವೇಕ್‌ನಲ್ಲಿ ಬರುತ್ತೆ. ಟ್ರೇಸಿಂಗ್ ಪೇಪರ್ ತಂದು ಅಂತಸ್ತಿಗೆ ಒಂದರಂತೆ ಪೇರಿಸಿದೆ. ನನಗೆ ಬಹಳ ಹಿಡಿಸಿದ್ದು ಶುರುವಿನ ಜಾಗ. ಅಲ್ಲಿ ಎಷ್ಟು ಕಷ್ಟ ಬೇಕು ಅನ್ನೋದನ್ನು ಮೆನುವಿನಲ್ಲಿ ಆರಿಸೋದಲ್ಲ, ಬೇಕಾದ ಹಾದಿಯಲ್ಲಿ ನಡೆದು ಹೋಗೋದು. ಎಲ್ಲಕ್ಕಿಂತ ಕಷ್ಟದ ನೈಟ್‌ಮೇರ್ ಹಾದಿಯನ್ನು ಬಚ್ಚಿಟ್ಟಿದ್ದಾರೆ. ಎಲ್ಲಿ ಅಂತ ಹೇಳಲ್ಲ, ಹುಡುಕಿ.

ಹಾಫ್ ಲೈಫ್ (1998) ಮಾತ್ರ ನನ್ನ ಅಳತೆಗೋಲಿಗೆ ಬಗ್ಗಲಿಲ್ಲ. 2023ರ ನವೆಂಬರಿನಲ್ಲಿ 25 ವರ್ಷದ ನೆಪದಲ್ಲಿ ಪುಕ್ಕಟೆ ಕೊಟ್ಟಾಗ ತಗೊಂಡಿದ್ದೆ. ಶುರುವಿನ ಟ್ರಾಮ್ ಸವಾರಿ ನೆನಪಿದೆ. ಸದ್ದು ಕೇಳಿ ಕುಕ್ಕೋ ಆ ದೈತ್ಯ ಪ್ರಾಣಿಯ ತೋಳುಗಳು, ಗ್ರೆನೇಡ್ ಅತ್ತ ಎಸೆದು ಇತ್ತ ನುಸುಳಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ. ನಕ್ಷೆ ಬಿಡಿಸು ಅಂದರೆ ಒಂದು ಗೆರೆ, ಅಷ್ಟೇ. ಅದಕ್ಕೆ ಬೇರೆ ನೋಟ್‌ಬುಕ್ ಇಟ್ಟೆ, ನೆನಪಾದ ಘಟನೆಗಳನ್ನು ಬರೆಯೋಕೆ. ಅಲ್ಲಿ ಅದರ ಹತ್ತಿರಕ್ಕೆ ಇನ್ನೂ ಯಾವುದೂ ಬಂದಿಲ್ಲ.

ಗಣಪತಿ ಹಬ್ಬಕ್ಕೆ ಆ ತಂಗಿಯ ಮಗ ಬಂದಿದ್ದ. ಇದೆಲ್ಲಾ ಹುಚ್ಚು ಅಂದ. "ಸರಿ, ನಿನಗೆ ಗೊತ್ತಿರೋದು ಒಂದು ಬಿಡಿಸು" ಅಂತ ಹಾಳೆ ಕೊಟ್ಟೆ. ಕೌಂಟರ್ ಸ್ಟ್ರೈಕ್ ಗೇಮಿನ ಡಸ್ಟ್ 2 ಅನ್ನೋ ಜಾಗವನ್ನು ಐದೇ ನಿಮಿಷದಲ್ಲಿ ಬಿಡಿಸಿದ, ಎ, ಬಿ, ಮಿಡ್, ಸುರಂಗ ಸಮೇತ. ಕಳೆದ ವರ್ಷ ನಾಲ್ಕು ಸಾವಿರ ಕೊಟ್ಟು ಮುಗಿಸಿದ ಹೊಸ ಗೇಮಿನ ಒಂದು ಕೋಣೆಯೂ ಅವನಿಗೆ ಬರಲಿಲ್ಲ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕೂತು, "ಮಾಮ, ಆ ಡೂಮ್ ನನ್ನ ಲ್ಯಾಪ್‌ಟಾಪಿಗೂ ಹಾಕಿಕೊಡಿ" ಅಂದ.

ಲೆಕ್ಕ ಹಾಕಿದರೆ ಸೋಲಿಗೆ ಆರೇಳು ಸಾವಿರ ಹೋಗಿದೆ, ಗೆದ್ದ ದಾರಿಗೆ ಇನ್ನೂರು ರೂಪಾಯಿಯ ಕಾಗದ. ಈಗ ಅನ್‌ರಿಯಲ್ (1998) ಹಿಡಿದಿದ್ದೇನೆ. ಗಗನನೌಕೆಯಿಂದ ಹೊರಬಿದ್ದ ಕೂಡಲೇ ಜಲಪಾತ, ಕಣಿವೆ, ಬಯಲು. ಎ4 ಹಾಳೆಗೆ ಹಿಡಿಸೋ ಸರಕಲ್ಲ. ಮಗಳ ಚಾರ್ಟ್ ಪೇಪರ್ ಎರಡು ಎತ್ತಿಟ್ಟಿದ್ದೇನೆ, ಅವಳಿಗಿನ್ನೂ ಗೊತ್ತಿಲ್ಲ.